‘ವೇರ್‌ವುಲ್ಫ್’ ಪದದ ಬೇರು ಹಿಡಿದು ಹೋದದ್ದು

ಪದವಿ ತರಗತಿಗಳಿಗೆ ಇಂಗ್ಲಿಷ್ ಭಾಷೆಯ ಚರಿತ್ರೆಯನ್ನು ಕಲಿಸುವಾಗ ನಿರುಕ್ತಿಯ (ಪದದ ಮೂಲ ಹುಡುಕುವ ಕೆಲಸದ) ಮಾದರಿಯಾಗಿ ನಾನು ಎತ್ತಿಕೊಳ್ಳುವುದು ‘ವೇರ್‌ವುಲ್ಫ್’ ಎಂಬ ಸಮಾಸಪದವನ್ನು. ತೋಳವಾಗಿ ಮಾರ್ಪಡುವ ಮನುಷ್ಯ ಎಂದು ಇದರ ಅರ್ಥ. ಉತ್ತರಪದ ಎಲ್ಲರಿಗೂ ತಿಳಿದದ್ದೇ; ಇಂದು ಸ್ವತಂತ್ರವಾಗಿ ಬಳಕೆಯಲ್ಲಿಲ್ಲದ ಪೂರ್ವಪದವೇ ತೊಡಕಿನದು.

ಇಂಥಲ್ಲಿ ಈಗಿನ ಕಾಗುಣಿತವನ್ನು ನೆಚ್ಚದೆ ಹಳೆಯ ಪ್ರಯೋಗಕ್ಕೆ ಹೋಗುವುದು ನನ್ನ ರೂಢಿ. 1023ರಲ್ಲಿ ತೀರಿಕೊಂಡ ಯಾರ್ಕ್‌ನ ಆರ್ಚ್‌ಬಿಷಪ್ ವುಲ್ಫ್‌ಸ್ಟಾನ್, ಇಂಗ್ಲೆಂಡಿನ ದೊರೆ ಕನೂಟನಿಗಾಗಿ ರಚಿಸಿದ ಕಾನೂನುಗಳಲ್ಲಿ ‘ವೆರೆವುಲ್ಫ್’ ಎಂಬ ರೂಪವಿದೆ. ಅಲ್ಲಿ ಅದು ಕತೆಯ ಪ್ರಾಣಿಯಲ್ಲ, ಬಿಷಪ್ಪರು ಕಾಯಬೇಕಾದ ಹಿಂಡಿನ ಮೇಲೆರಗುವ ಸೈತಾನ. (ಎಚ್ಚರಿಸಿದವನ ಹೆಸರಿನಲ್ಲೂ ತೋಳವಿದೆ!) ಹಳೆಯ ಇಂಗ್ಲಿಷಿನಲ್ಲಿ ‘ವೆರ್’ ಎಂದರೆ ಗಂಡಸು, ಕೊಲೆಯಾದವನ ಕುಟುಂಬಕ್ಕೆ ತೆರಬೇಕಾದ ಪರಿಹಾರಕ್ಕೆ ‘ವೆರ್‌ಗಿಲ್ಡ್’ ಎಂಬ ಹೆಸರಿತ್ತು. ‘ವರ್ಲ್ಡ್’ ಎಂಬುದರ ಮೊದಲ ಭಾಗವೂ ಇದೇ.

ಇಲ್ಲಿಂದ ಲ್ಯಾಟಿನ್ನಿನ ‘ವಿರ್’, ಸಂಸ್ಕೃತದ ‘ವೀರ’ ದೂರವಿಲ್ಲ. ‘ವುಲ್ಫ್’ಗೆ ಸಂಸ್ಕೃತದ ಜ್ಞಾತಿ, ಅಂದರೆ ಒಂದೇ ಮೂಲದಿಂದ ಬಂದ ಪದ, ‘ವೃಕ’ ಎಂದೊಡನೆ ವಿದ್ಯಾರ್ಥಿಗಳಿಗೆ ಭೀಮನ ‘ವೃಕೋದರ’ ಎಂಬ ಹೆಸರು ನೆನಪಾಗುತ್ತದೆ. ಆದರೆ ಹೋಲಿಕೆಯೊಂದೇ ಸಾಕ್ಷಿಯಾಗದು. ಅದೇ ಧ್ವನಿವ್ಯತ್ಯಾಸ ಬೇರೆ ಜೋಡಿಗಳಲ್ಲೂ ಮರುಕಳಿಸಬೇಕು. ಆದ್ದರಿಂದ ‘ಪೂರ್ಣ–ಫುಲ್’, ‘ಊರ್ಣಾ–ವೂಲ್’ ಎಂಬ ಜೋಡಿಗಳನ್ನು ಹಲಗೆಯ ಮೇಲೆ ಬರೆಯುತ್ತೇನೆ: ಸಂಸ್ಕೃತದಲ್ಲಿ ರಕಾರ ಅಥವಾ ಋಕಾರವಿರುವೆಡೆ ಇಂಗ್ಲಿಷಿನಲ್ಲಿ ಲಕಾರ ನಿಂತಿರುವುದು ಆಗ ಕಣ್ಣಿಗೆ ಕಾಣುತ್ತದೆ. ‘ವೃಕ–ವುಲ್ಫ್’ ಜೋಡಿಯಲ್ಲಿ ಕಕಾರದ ಜಾಗದಲ್ಲಿ ಫಕಾರ ಬಂದಿರುವುದು ಮಾತ್ರ ಸಾಮಾನ್ಯ ನಿಯಮಕ್ಕೆ ಹೊರತು. ಅದಕ್ಕೆ ಪದದ ಮೊದಲಿನ ಓಷ್ಠ್ಯ (ತುಟಿಯಿಂದ ಹೊರಡುವ) ಧ್ವನಿಯನ್ನು ಕಾರಣವಾಗಿ ಹೇಳುವುದುಂಟು. ಈ ಅಪವಾದವನ್ನು ನಾನು ಮುಚ್ಚಿಡುವುದಿಲ್ಲ, ಏಕೆಂದರೆ ಅಪವಾದವನ್ನು ಗುರುತಿಸಲು ಬಂದವರಿಗೇ ನಿಯಮ ಅರ್ಥವಾಗಿರುತ್ತದೆ.

ಬಿಡಿಪದಗಳ ಪ್ರಾಚೀನತೆಯನ್ನು ಸಮಾಸಕ್ಕೂ ಆರೋಪಿಸಬಾರದೆಂಬುದು ನನ್ನ ಇನ್ನೊಂದು ಕಟ್ಟುನಿಟ್ಟು. ‘ವೀರ’, ‘ವೃಕ’ಗಳ ಮೂಲರೂಪಗಳು ಸಂಸ್ಕೃತ, ಲ್ಯಾಟಿನ್, ಇಂಗ್ಲಿಷ್‌ಗಳಿಗೆಲ್ಲ ಮೂಲವಾದ ಇಂಡೋ-ಯುರೋಪಿಯನ್ ಮೂಲಭಾಷೆಯವು; ಅವನ್ನು ಹೀಗೆ ಕೂಡಿಸಿದ್ದು ಇಂಗ್ಲಿಷ್ ಸೇರಿದ ಜರ್ಮಾನಿಕ್ ಬಳಗದ ಭಾಷೆಗಳು. ಗ್ರೀಕರ ‘ಲ್ಯುಕಾಂತ್ರೊಪೋಸ್’ನಲ್ಲಿ ತೋಳ ಮೊದಲು, ಮನುಷ್ಯ ಆಮೇಲೆ, ಅಲ್ಲಿ ಮನುಷ್ಯನಿಗಿರುವ ಪದವೂ ಬೇರೆ. ಫ್ರೆಂಚರು ಅದೇ ಬಳಗದ ಫ್ರಾಂಕಿಷ್ ಭಾಷೆಯಿಂದ ಇಡೀ ಸಮಾಸವನ್ನೇ ಪಡೆದು ‘ಗರೂ’ ಎಂದು ಸವೆಸಿಕೊಂಡರು. ಒಳಗಿದ್ದ ತೋಳ ಮರೆತುಹೋದ ಮೇಲೆ ಅದಕ್ಕೆ ತಮ್ಮ ತೋಳವನ್ನೂ ಸೇರಿಸಿ ‘ಲೂ-ಗರೂ’ ಎಂದರು; ನಮ್ಮ ‘ನಡುಮಧ್ಯ’ದಂತೆ ಅದರಲ್ಲಿ ತೋಳ ಎರಡು ಸಲ ಬಂದಿದೆ.