ಹದಿಮೂರಕ್ಕೆ ಏರಿಸಿದ ಮೇಲೆ

ಇಂಜಿನ್ ಪರೀಕ್ಷಾ ಕೊಠಡಿಯಲ್ಲಿ ಎರಡು ವರ್ಷ ನಾನು ಬೆನ್ನು ಹತ್ತಿದ್ದು ಒಂದೇ ಸಂಖ್ಯೆಯನ್ನು: ಒಂದು ಕಿಲೋವ್ಯಾಟ್-ಗಂಟೆ ಕೆಲಸಕ್ಕೆ ಎಷ್ಟು ಗ್ರಾಂ ಪೆಟ್ರೋಲ್ ಬೇಕು? ಒಳ್ಳೆಯ ಇಂಜಿನ್ ತನಗೆ ಹಿತವಾದ ವೇಗ, ಹೊರೆಗಳಲ್ಲಿ ಸುಮಾರು 235 ಗ್ರಾಂ ಕೇಳುತ್ತದೆ. ಅದನ್ನು 210ರ ಹತ್ತಿರ ತಂದರೆ ಪೆಟ್ರೋಲಿನ ಶಾಖದಲ್ಲಿ ಶೇ 40ರಷ್ಟು ಕೆಲಸವಾಗಿ ಕೈಗೆ ಬಂತೆಂದು ಲೆಕ್ಕ. ಉಳಿದದ್ದು ಸೈಲೆನ್ಸರ್ ಮತ್ತು ರೇಡಿಯೇಟರ್ ಪಾಲು.

ಮೊದಲು ಕೈಹಾಕಿದ್ದು ಕಂಪ್ರೆಷನ್ ರೇಶಿಯೊಗೆ, ಅಂದರೆ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಪಿಸ್ಟನ್ ಎಷ್ಟು ಪಟ್ಟು ಅದುಮುತ್ತದೆ ಎಂಬುದಕ್ಕೆ. ಮಿಶ್ರಣವನ್ನು ಹೆಚ್ಚು ಅದುಮಿದಷ್ಟೂ ಸುಟ್ಟ ಅನಿಲ ಹೆಚ್ಚು ಹಿಗ್ಗಿ ಹೆಚ್ಚು ದುಡಿಯುತ್ತದೆ. 10ರಿಂದ 13ಕ್ಕೆ ಏರಿಸಿದರೆ ಪೆಟ್ರೋಲ್ ಇಂಜಿನ್ನಿನ ಆದರ್ಶ ಲೆಕ್ಕವಾದ ಓಟೊ ಆವರ್ತದ ಸೂತ್ರದಲ್ಲಿ ದಕ್ಷತೆ ಶೇ 50ರಿಂದ ಹೆಚ್ಚೂಕಡಿಮೆ 54ಕ್ಕೆ ಹೋಗುತ್ತದೆ. ಮಜ್ದಾ 2011ರಲ್ಲೇ 14:1ರ ಪೆಟ್ರೋಲ್ ಇಂಜಿನ್ನನ್ನು ಕಾರಿಗೆ ಕೂರಿಸಿ ಮಾರಿತ್ತು. ನಾವು 13ಕ್ಕೇ ನಿಲ್ಲುತ್ತಿದ್ದೇವಲ್ಲ ಎಂಬ ಧೈರ್ಯ.

ರೇಶಿಯೊ ಏರಿಸಲು ನೆತ್ತಿ ಉಬ್ಬಿದ ಪಿಸ್ಟನ್ ಹಾಕಿದ ದಿನವೇ ನಾಕಿಂಗ್, ಅಂದರೆ ಮಿಶ್ರಣ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವ ಬಡಿತ, ಶುರುವಾಯಿತು. ಕಿಡಿಯನ್ನು ತಡಮಾಡಿ ಬಡಿತ ನಿಲ್ಲಿಸಿದೆ. ಅರ್ಧ ಇಂಧನ ಉರಿದು ಮುಗಿಯುವ ಕ್ಷಣ, ಪಿಸ್ಟನ್ ತುತ್ತತುದಿ ದಾಟಿ ಕ್ರ್ಯಾಂಕ್ ದಂಡ 8 ಡಿಗ್ರಿ ತಿರುಗಿದ ಆಸುಪಾಸಿನಲ್ಲಿ ಇರಬೇಕು. ನಮ್ಮದು 20 ದಾಟಿ ಹೋಗಿತ್ತು. ಬೆಟ್ಟ ಅಗೆದವರಿಗೆ ಇಲಿಯಾದರೂ ಸಿಗುತ್ತದೆ, ನಮ್ಮ ಸಂಖ್ಯೆ ಹಳೆಯ ಪಿಸ್ಟನ್ನಿಗಿಂತಲೂ ಕೆಟ್ಟಿತ್ತು.

ತಪ್ಪು ರೇಶಿಯೊದಲ್ಲಿ ಇರಲಿಲ್ಲ, ಆ ಉಬ್ಬಿನಲ್ಲಿತ್ತು. ಒಳಬರುವ ಗಾಳಿ ಸಿಲಿಂಡರಿನಲ್ಲಿ ಉರುಳಿ ಸುಳಿಯಬೇಕು. ಆ ಸುಳಿಯೇ ಜ್ವಾಲೆಯನ್ನು ಬೇಗ ಹಬ್ಬಿಸುವುದು. ಉಬ್ಬು ಅದನ್ನು ಮುರಿದು ಹಾಕಿತ್ತು. ಜ್ವಾಲೆ ಮೂಲೆ ತಲುಪುವಷ್ಟರಲ್ಲಿ ಅಲ್ಲಿದ್ದ ಮಿಶ್ರಣ ಕಾದು ತಾನಾಗಿಯೇ ಸಿಡಿಯುತ್ತಿತ್ತು. ನೆತ್ತಿಯ ನಡುವೆ ಬಟ್ಟಲಿನಂತೆ ತೋಡಿಸಿ, ಇನ್‌ಟೇಕ್ ಪೋರ್ಟಿನ ಓರೆ ಬದಲಿಸಿದ ಮೇಲೆ ಉರಿ ಚುರುಕಾಯಿತು. ಜೊತೆಗೆ ಹೊಗೆಯ ಒಂದು ಪಾಲನ್ನು ತಣಿಸಿ ಮತ್ತೆ ಒಳಗೆ ಬಿಟ್ಟೆವು. ಈ ಇಜಿಆರ್ ಅನಿಲ ಉರಿಯುವುದಿಲ್ಲ, ಶಾಖ ಹೀರಿಕೊಂಡು ನಾಕಿಂಗನ್ನು ತಡೆಹಿಡಿಯುತ್ತದೆ.

ಆದರೂ ಒಂದು ಬಡಿತ ಉಳಿದೇ ಇತ್ತು. ಪರದೆಯ ಮೇಲೆ ನಾಲ್ಕು ಸಿಲಿಂಡರ್‌ಗಳ ಸರಾಸರಿ ನೋಡುತ್ತಾ ಕೂತಿದ್ದ ನನಗೆ ಅದು ಎಲ್ಲಿಯದೆಂದು ತಿಳಿಯಲಿಲ್ಲ. "ಸರ್, ಮೂರನೇದು ಬೇರೆ ಥರ ಕೂಗ್ತಿದೆ" ಎಂದರು ನಮ್ಮ ಫಿಟ್ಟರ್, ಕಿವಿಗೆ ಹೆಡ್‌ಫೋನ್ ಒತ್ತಿಕೊಂಡು. ಬಿಡಿಬಿಡಿಯಾಗಿ ಅಳೆದರೆ ಹೌದು, ಮೂರನೆಯದಕ್ಕೆ ಇಜಿಆರ್ ಕಡಿಮೆ ಹೋಗುತ್ತಿತ್ತು. ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನಲ್ಲಿ ಅನಿಲ ಸೇರುವ ಜಾಗವನ್ನು, ಒಳಹೋಗುವ ಗಾಳಿಯನ್ನು ಹಿಡಿದು ಬಿಡುವ ಥ್ರಾಟಲ್ ಕಡೆಗೆ ಸರಿಸಿದೆವು, ಸರಿಹೋಯಿತು.

ಈ ನಡುವೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಮಾಡಿ ಉರಿಸುವ ಲೀನ್ ಬರ್ನ್ ಆಸೆಯೂ ಇತ್ತು. ಒಂದು ವಾರ ಆಡಿ ಬಿಟ್ಟೆ. ಹೊಗೆಯ ವಿಷಾನಿಲಗಳನ್ನು ಶುದ್ಧಗೊಳಿಸುವ ತ್ರೀ-ವೇ ಕ್ಯಾಟಲಿಸ್ಟ್‌ಗೆ ಗಾಳಿ-ಪೆಟ್ರೋಲ್ ತೂಕ ಸರಿಸುಮಾರು 14.7:1ರಲ್ಲೇ ಇರಬೇಕು. ಗಾಳಿ ಹೆಚ್ಚಾದರೆ ನೈಟ್ರೋಜನ್ ಆಕ್ಸೈಡ್ ಹಾಗೇ ಹೊರಗೆ ಹೋಗುತ್ತದೆ.

ಕೊನೆಗೆ 212 ಗ್ರಾಂ ಬಂತು. ಇಂಜಿನ್ನನ್ನು ಕಾರಿಗೆ ಕೂರಿಸಿ ಓಡಿಸಿದರೆ ಮೈಲೇಜು ಏರಿದ್ದು ಮಾತ್ರ ಆ ಉಳಿತಾಯದ ಕಾಲು ಭಾಗಕ್ಕೂ ಸಾಲದಷ್ಟು. ಪರೀಕ್ಷಾ ಕೊಠಡಿಯಲ್ಲಿ ಇಂಜಿನ್ ಶಕ್ತಿ ಅಳೆಯುವ ಡೈನೊ ಯಂತ್ರದ ಮಾಪನ ತಪ್ಪಿರಬೇಕೆಂದು ಎರಡು ದಿನ ಜಗಳವಾಡಿದೆ. ಕೊನೆಗೆ ಕಾರು ಓಡಿದ ಪ್ರತಿ ಸೆಕೆಂಡಿನ ವೇಗ, ಹೊರೆಗಳನ್ನು, ಯಾವ ವೇಗ-ಹೊರೆಯಲ್ಲಿ ಎಷ್ಟು ಗ್ರಾಂ ಎಂದು ತೋರುವ ಇಂಜಿನ್ ಮ್ಯಾಪಿನ ಮೇಲೆ ಚುಕ್ಕಿಗಳಾಗಿ ಹಾಕಿ ನೋಡಿದೆ. ನಾವು ಬೆವರು ಸುರಿಸಿದ 212ರ ಆವರಣದೊಳಗೆ ಬೆರಳೆಣಿಕೆಯ ಚುಕ್ಕಿಗಳು. ಮಿಕ್ಕವೆಲ್ಲ ಕೆಳಗಿನ ಎಡಮೂಲೆಯಲ್ಲಿ ಇರುವೆ ಮುತ್ತಿದಂತೆ: ಕಡಿಮೆ ವೇಗ, ಕಡಿಮೆ ಹೊರೆ, ಅರೆಮುಚ್ಚಿದ ಥ್ರಾಟಲ್. ಅಲ್ಲಿ ಇಂಜಿನ್ ತನ್ನ ಉಸಿರು ಎಳೆದುಕೊಳ್ಳುವುದಕ್ಕೇ ದುಡಿಮೆಯ ಒಳ್ಳೆಯ ಪಾಲನ್ನು ಸುರಿಯುತ್ತದೆ. ಇದನ್ನು ಮೊದಲ ದಿನವೇ ಮಾಡಬೇಕಿತ್ತು.

ಮದ್ದು ಹಳೆಯದೇ. ಜೇಮ್ಸ್ ಅಟ್ಕಿನ್‌ಸನ್ 1882ರಲ್ಲಿ ಅನಿಲ ಹೆಚ್ಚು ಹಿಗ್ಗುವಂಥ ಇಂಜಿನ್ ಮಾಡಿದ್ದು ತೊಡಕಿನ ಸಂಧಿಗಳ ಕ್ರ್ಯಾಂಕಿನಿಂದ. 1997ರ ಪ್ರಿಯಸ್ ಹೈಬ್ರಿಡ್ ಕಾರಿನಲ್ಲಿ ಟೊಯೋಟಾ ಅದೇ ಫಲವನ್ನು ಇನ್‌ಟೇಕ್ ವಾಲ್ವನ್ನು ತಡವಾಗಿ ಮುಚ್ಚಿ ಪಡೆಯಿತು. ಪಿಸ್ಟನ್ ಮೇಲೇರುವಾಗ ಒಂದಿಷ್ಟು ಮಿಶ್ರಣ ಹಿಂದಕ್ಕೆ ಹೋಗುತ್ತದೆ, ಥ್ರಾಟಲನ್ನು ಅಗಲವಾಗಿ ತೆರೆದಿಡಬಹುದು. ಅದುಮಿಕೆ ಕಡಿಮೆ, ಹಿಗ್ಗುವಿಕೆ ಮಾತ್ರ ಪೂರ್ತಿ 13. ನಮ್ಮ ಹೊಸ ಪಿಸ್ಟನ್ನಿಗೆ ಅರ್ಥ ಬಂದದ್ದು ಇಲ್ಲಿ. ಪ್ರಿಯಸ್‌ಗೆ ಇದ್ದ ವಿದ್ಯುತ್ ಮೋಟಾರಿನ ಆಸರೆ ನಮಗಿರಲಿಲ್ಲವಾದ್ದರಿಂದ, ಪೆಡಲ್ ಜೋರಾಗಿ ಒತ್ತಿದಾಗ ವಾಲ್ವ್ ಮಾಮೂಲಿನ ಹೊತ್ತಿಗೆ ಮುಚ್ಚುವಂತೆ ಅದರ ಹೊತ್ತು ಬದಲಿಸುವ ಕ್ಯಾಮ್ ಫೇಸರ್ ಹಾಕಿದೆವು. ಮೈಲೇಜು ಎದ್ದು ಕಾಣುವಂತೆ ಏರಿದ್ದು ಆಮೇಲೆ.

ಒಂದು ಬಾಕಿ ಉಳಿದಿದೆ. ಇಂಜಿನ್ ತಣ್ಣಗಿರುವಾಗ ಇಜಿಆರ್ ಅನಿಲದಲ್ಲಿನ ನೀರಾವಿ ಮ್ಯಾನಿಫೋಲ್ಡಿನಲ್ಲಿ ಹನಿಗಟ್ಟುತ್ತದೆ. ಕೂಲೆಂಟ್ ಬಿಸಿಯಾಗುವವರೆಗೆ ಇಜಿಆರ್ ವಾಲ್ವನ್ನು ಮುಚ್ಚಿಯೇ ಇಡುತ್ತೇವೆ. ಹಾಗಾಗಿ ದಿನಾ ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸುವವರಿಗೆ ಇಜಿಆರ್ ಲಾಭ ಇನ್ನೂ ತಲುಪಿಲ್ಲ.