ಉಂಗುರ ಬೆರಳಿನ ಪುಲ್ಲಿ ಹೋದಾಗ ನಾ ಏನ್ ಮಾಡಿದೆ

ನಾ ಬಂಡೆ ಹತ್ತಾಂವ (ರಾಕ್ ಕ್ಲೈಂಬಿಂಗ್), ಹತ್ತೋವಾಗ ಬೆರಳೊಳಗಿನ ಪುಲ್ಲಿ ಅನ್ನೋ ಪಟ್ಟಿಗೆ ಪೆಟ್ಟಾತು. ಶಹಾಪುರ ಕಡೆ ಗುಡ್ಡ ಎಲ್ಲಾ ಗ್ರಾನೈಟ್, ಹಿಡಿಲಿಕ್ಕೆ ಸಿಗೋದು ಸಣ್ಣ ಸಣ್ಣ ಅಂಚು, ಬೆರಳ ತುದಿ ಅಷ್ಟೇ ಕೂಡ್ತಾವ. ಅಂಥಾ ಒಂದು ಅಂಚು ಬೆರಳು ಮಡಚಿ ಹಿಡಿದಾಗ (ಈ ಹಿಡಿತಕ್ಕ ಕ್ರಿಂಪ್ ಅಂತಾರ) ಕಾಲು ಜಾರಿ ಮೈಭಾರ ಎಲ್ಲಾ ಎಡಗೈ ಮ್ಯಾಲ ಬಿತ್ತು, ಉಂಗುರ ಬೆರಳಿನ್ಯಾಗ ಟಪ್ ಅಂತು, ಕೆಳಗ ನಿಂತಿದ್ದ ದೋಸ್ತಗೂ ಕೇಳಿಸ್ತು. ಬೆರಳಿನ ಬುಡಕ್ಕ ಅಂಗೈ ಕಡಿಂದ ಒತ್ತಿದ್ರ ಜೀವ ಹೋಗೋ ನೋವು. ಮನ್ಯಾಗ ಅವ್ವ ಬಾಮ್ ಹಚ್ಚಿ ತಿಕ್ತೀನಿ ಅಂದ್ಳು, ತಿಕ್ಕಬ್ಯಾಡವ್ವ ಅಂದು ಅರಿಬ್ಯಾಗ ಐಸ್ ಸುತ್ತಿ ಇಟ್ಟೆ.

ಎಕ್ಸ್‌ರೇ ನಾರ್ಮಲ್ ಬಂತು. ಎಲುಬು ಮುರಿದಿಲ್ಲ ಅಂತ ಅಷ್ಟೇ ಅದರ ಅರ್ಥ. ಬೆರಳು ಮಡಚೋ ಟೆಂಡನ್ (ಹಗ್ಗದಂಥಾ ಗಟ್ಟಿ ನಾರು) ಎಲುಬು ಬಿಟ್ಟು ಮ್ಯಾಲ ಏಳಬಾರ್ದಂತ ಅಲ್ಲಲ್ಲಿ ಪಟ್ಟಿ ಅದಾವ, ಮೀನಿನ ಗಾಳದ ಕೋಲಿಗೆ ದಾರ ಹಿಡಿಯೋ ರಿಂಗ್ ಇರ್ತಾವಲ್ಲ ಹಂಗ, ಅವಕ್ಕ ಪುಲ್ಲಿ ಅಂತಾರ. ಕ್ರಿಂಪ್ ಹಿಡಿದಾಗ ಬುಡದ ಎ2 ಪುಲ್ಲಿ ಮ್ಯಾಲ ಭಾಳ ಲೋಡ್ ಬೀಳ್ತದ. ಕಲಬುರಗಿಗೆ ಹೋಗಿ ಅಲ್ಟ್ರಾಸೌಂಡ್ ಮಾಡಿಸ್ದೆ, ಬೆರಳು ಮಡಚಿ ಬಲ ಹಾಕ್ರಿ ಅಂತ ಹೇಳಿ ನೋಡಿದ್ರು, ಟೆಂಡನ್ ಎಲುಬಿಂದ 2 ಮಿ.ಮೀ.ಗಿಂತ ದೂರ ಎದ್ರ ಪೂರ್ತಿ ಹರಿದದ ಅಂತ ಲೆಕ್ಕ, ನಂದು ಅರ್ಧಂಬರ್ಧ. ಒಂದೇ ಪುಲ್ಲಿ ಪೂರ್ತಿ ಹರಿದ್ರ ಬೆರಳಿಗೆ ಹೊರಗಿಂದ ಪ್ಲಾಸ್ಟಿಕ್ ರಿಂಗ್ ಹಾಕಿ ಕೂಡಿಸ್ತಾರ, ಆಪರೇಷನ್ ಮಾತು ಸಾಮಾನ್ಯ ಎರಡು ಮೂರು ಒಮ್ಮೆಲೇ ಹರಿದವ್ರಿಗೆ.

ನನ್ನ ಫಿಸಿಯೋ ಎಚ್ ಟೇಪ್, ಅಂದ್ರ ಇಂಗ್ಲಿಷ್ H ಆಕಾರಕ್ಕ ಸೀಳಿದ ಟೇಪ್ ಬೆರಳಿಗೆ ಸುತ್ತೋದು ಕಲಿಸಿದ್ರು. ಸುಮಾರು 10 ಸೆಂ.ಮೀ. ಗಟ್ಟಿ ಟೇಪ್ ತಗೊಂಡು ಎರಡೂ ಕಡಿಂದ ಉದ್ದಕ ಸೀಳಬೇಕು, ನಡುವ ಒಂದು ಸೆಂ.ಮೀ. ಬಿಡಬೇಕು. ಆ ನಡುಭಾಗ ಬೆರಳಿನ ನಡು ಗಿಣ್ಣಿನ ಕೆಳಗ ಅಂಗೈ ಕಡೆ ಇಟ್ಟು, ಮೊದ್ಲು ಬುಡದ ಕಡಿ ಟೇಪಿನ ಎರಡು ಸೀಳು ಬಿಗಿ ಸುತ್ತಿ, ಆಮ್ಯಾಲ ಬೆರಳು ಮಡಚಿ ತುದಿ ಕಡಿವು ಸುತ್ತಬೇಕು. ಸುಮ್ನ ಉಂಗುರದಂಗ ಸುತ್ತೋದಕ್ಕಿಂತ ಇದೇ ಛಲೋ.

ಪೂರ್ತಿ ರೆಸ್ಟ್ ಮಾಡ್ಲಿಲ್ಲ. ಊತ ಇಳಿದ ಮ್ಯಾಲ ಮೆತ್ತನ ಬಾಲ್ ಒತ್ತೋದು, ಆಮ್ಯಾಲ ಬಾಗಿಲ ಚೌಕಟ್ಟಿನ ಅಂಚಿಗೆ ಬೆರಳು ಬಿಚ್ಚಿಟ್ಟು, ಕಾಲು ನೆಲದ ಮ್ಯಾಲೇ ಇಟ್ಟು ಸ್ವಲ್ಪ ಸ್ವಲ್ಪ ಭಾರ ಕೊಡೋದು, ಮರುದಿನ ನೋವು ಜಾಸ್ತಿ ಆದ್ರ ಭಾರ ಕಮ್ಮಿ. ಕ್ರಿಂಪ್ ಎಲ್ಲಾದಕ್ಕಿಂತ ಕೊನಿಗೆ.

ಸಾಲಿ ಹುಡುಗ್ರಿಗೆ ಬೆರಳಿನ ನಡು ಗಿಣ್ಣಿನ ಬೆನ್ನಿಗೆ ನೋವು ಬಂದ್ರ ಈ ಟೇಪ್ ಸುತ್ತಿ ಬಂಡೆ ಹತ್ತಸಬ್ಯಾಡ್ರಿ, ಬೆಳೆಯೋ ಎಲುಬು ಸೀಳಿರಬಹುದು, ಅವ್ರಿಗೆ ಮೊದ್ಲು ಎಕ್ಸ್‌ರೇನೇ ಬೇಕು.