ಶುಗರ್ ಇದ್ದೋರು ಭಾರ ಎತ್ತೋದು ಹೆಂಗ? ಮೊದ್ಲು ಕುರ್ಚಿಯಿಂದ ಎದ್ದು ಕೂಡೋದು ಕಲೀರಿ

ರಾಯಚೂರಾಗ ಬೆಳಗ್ಗೆ ಯಾವ ಗ್ರೌಂಡಿಗೆ ಹೋದ್ರೂ ಶುಗರ್ ಇದ್ದೋರು ವಾಕಿಂಗ್ ಮಾಡ್ತಿರ್ತಾರ, ಭಾಳ ಚಲೋ. ಆದ್ರ ಭಾರ ಎತ್ತೋರು ಕಡಿಮಿ, ಎತ್ತೋರು ಸಿಕ್ರೂ ಉಸಿರು ಬಿಗಿಹಿಡ್ಕೊಂಡು ಮುಖ ಕೆಂಪು ಮಾಡ್ಕೊಂಡು ಎತ್ತತಿರ್ತಾರ. ಅದನ್ನ ನೋಡಿ ನೋಡಿನೇ ಇದನ್ನ ಬರೀಲಿಕ್ಕತ್ತೀನಿ.

ಊಟ ಆದಮ್ಯಾಗ ರಕ್ತದಾಗ ಏರೋ ಸಕ್ಕರಿಯೊಳಗ ದೊಡ್ಡ ಪಾಲು ಸ್ನಾಯುಗಳಿಗೆ ಹೋಗ್ತದ. ಗಂಜಿನಾಗ (ಕಾಳುಕಡಿ ಮಾರ್ಕೆಟ್ಟಿನಾಗ) ಗೋದಾಮು ದೊಡ್ಡದಿದ್ರ ಭತ್ತದ ಚೀಲ ರಸ್ತೆದಾಗ ಬೀಳಂಗಿಲ್ಲ ನೋಡ್ರಿ, ಹಂಗ. ವಯಸ್ಸಾದಂಗ ಸ್ನಾಯು ಕರಗಿ ಆ ಗೋದಾಮು ಸಣ್ಣದಾಗ್ತದ, ಬರೇ ವಾಕಿಂಗಿನಿಂದ ಅದು ವಾಪಸ್ ಬೆಳಿಯಂಗಿಲ್ಲ, ಭಾರದ ವ್ಯಾಯಾಮ ಬೇಕು. ಸ್ನಾಯು ದುಡಿಯೋವಾಗ ಇನ್ಸುಲಿನ್ (ರಕ್ತದ ಸಕ್ಕರಿ ಇಳಸೋ ಹಾರ್ಮೋನ್) ಸಹಾಯ ಇಲ್ದನೂ ಸಕ್ಕರಿ ಎಳ್ಕೊಳ್ತದ, ಮುಗಿಸಿದ ಮ್ಯಾಲೂ ಒಂದು ದಿನ, ಕೆಲವೊಮ್ಮೆ ಎರಡು-ಮೂರು ದಿನ ಇನ್ಸುಲಿನ್ ಚಲೋ ಕೆಲಸ ಮಾಡ್ತದ. ಅದಕ್ಕ ವಾರಕ್ಕ 2-3 ಸಲ ಮಾಡ್ರಿ, ನಡುವ ಒಂದೊಂದು ದಿನ ಬಿಟ್ಟು. ವಾರಕ್ಕ 150 ನಿಮಿಷದ ವಾಕಿಂಗ್ ಬಿಡಬ್ಯಾಡ್ರಿ.

1. ಡಾಕ್ಟರನ್ನ ಕೇಳ್ರಿ. ಶುಗರಿನಿಂದ ಕಣ್ಣಿನ ಹಿಂದಿನ ಪರದೆ (ರೆಟಿನಾ) ಕೆಟ್ಟಿದ್ರ, ಬಿಪಿ ಹಿಡಿತದಾಗ ಇಲ್ಲಂದ್ರ, ಎದಿ ನೋವಿದ್ರ ಅವರು ಹೂಂ ಅನ್ನೋ ತನಕ ಭಾರ ಮುಟ್ಟಬ್ಯಾಡ್ರಿ.

2. ಶುಗರ್ ನೋಡ್ಕೊರಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ (ಶುಗರ್ ಇಳಸೋ ಗುಳಿಗಿ) ತಗೊಳ್ಳೋರಿಗೆ ಇದು ಕಡ್ಡಾಯ. ಗುಳಿಗಿ ನುಂಗಿ ಖಾಲಿ ಹೊಟ್ಟಿಲೆ ಬರೋರನ್ನ ನೋಡಿದ್ರ ನನಗ ಹೆದರಿಕಿ ಆಗ್ತದ. 90ಕ್ಕಿಂತ ಕಡಿಮಿ ಇದ್ರ ಒಂದು ಬಾಳಿಹಣ್ಣು ತಿಂದು ಶುರು ಮಾಡ್ರಿ. ನಡುವ ಕೈ ನಡುಗಿ, ಬೆವತು, 70ಕ್ಕಿಂತ ಕೆಳಗ ಬಂದ್ರ ಮೂರು ಟೀ ಚಮಚ ಸಕ್ಕರಿ ನೀರಾಗ ಕದಡಿ ಕುಡೀರಿ, 15 ನಿಮಿಷ ಕುಂತು ಮತ್ತ ನೋಡ್ರಿ. 250 ದಾಟಿ ವಾಂತಿ ಬಂದಂಗ ಆಗ್ತಿದ್ರ ಅವತ್ತು ವ್ಯಾಯಾಮ ಬ್ಯಾಡ, ದವಾಖಾನಿಗೆ ಹೋಗ್ರಿ.

3. ಕುರ್ಚಿಯಿಂದ ಎದ್ದು ಕೂಡೋದು. ಎಲ್ಲಾರೂ ಕೆಡಸೋದು ಇಲ್ಲೇ.

ಪ್ಲಾಸ್ಟಿಕ್ ಕುರ್ಚಿ ಬ್ಯಾಡ್ರಿ, ಟೈಲ್ಸ್ ಮ್ಯಾಲ ಜಾರ್ತದ. ಕಟ್ಟಿಗಿ ಕುರ್ಚಿ ಗೋಡಿಗೆ ತಾಗಿಸಿ ಇಡ್ರಿ, ಮನಿ ಮುಂದಿನ ಕಟ್ಟಿ ಇದ್ರ ಇನ್ನೂ ಚಲೋ. ಚಪ್ಪಲಿ ಬಿಟ್ಟು ಬೂಟ್ ಹಾಕ್ರಿ, ಕಾಲು ಜೋಮು ಹಿಡಿಯೋರಂತೂ ಬರಿಗಾಲಿಲೆ ಮಾಡಬ್ಯಾಡ್ರಿ, ಮುಗಿದಮ್ಯಾಲ ಅಂಗಾಲು ನೋಡ್ಕೊರಿ. ಕುರ್ಚಿ ತುದಿಗೆ ಸರದು, ಪಾದ ಭುಜದಷ್ಟು ಅಗಲ ಇಟ್ಟು, ಹಿಮ್ಮಡಿ ಸ್ವಲ್ಪ ಹಿಂದಕ್ಕ ಎಳ್ಕೊರಿ. ಕೈ ಎದಿ ಮ್ಯಾಲ. ಈಗ ಮೂಗು ಕಾಲ್ಬೆರಳಿನ ಮ್ಯಾಲ ಬರೋ ತನಕ ಮುಂದ ಬಾಗಿ, ಹಿಮ್ಮಡಿಯಿಂದ ನೆಲ ಒತ್ತಿ ಏಳ್ರಿ, ಮೊಣಕಾಲು ಒಳಗ ಕೂಡಬಾರ್ದು. ಏಳೋವಾಗ "ಒಂದು, ಎರಡು" ಅಂತ ಬಾಯಿ ಬಿಟ್ಟು ಎಣಿಸ್ರಿ, ಯಾಕಂದ್ರ ಮಾತಾಡೋವಾಗ ಉಸಿರು ಹಿಡಿಲಿಕ್ಕೆ ಆಗಂಗಿಲ್ಲ, ಹಿಡಿದ್ರ ಬಿಪಿ ಒಮ್ಮೆಲೆ ಏರ್ತದ, ಕಣ್ಣಿಗೂ ಹೃದಯಕ್ಕೂ ಅದು ಹೊರೆ. ಕೂಡೋವಾಗ ನಾಲ್ಕು ಎಣಿಸ್ಕೋತ ಇಳೀರಿ, ಧೊಪ್ಪಂತ ಬೀಳಬ್ಯಾಡ್ರಿ, ತೊಡಿಗೆ ಅರ್ಧ ಕೆಲಸ ಸಿಗೋದು ಇಳಿಯೋದ್ರಾಗನೇ. ಏಳ್ಲಿಕ್ಕೆ ಆಗಲಿಲ್ಲಂದ್ರ ಕೆಳಗ ದಿಂಬು ಹಾಕಿ ಎತ್ತರ ಮಾಡ್ಕೊರಿ.

8ರಿಂದ 12 ಸಲ, ಕಡೀ ಎರಡು ತ್ರಾಸ್ ಆಗ್ಬೇಕು. ಎರಡು ನಿಮಿಷ ಸುಧಾರಿಸ್ಕೊಂಡು ಇನ್ನೊಂದು ಸುತ್ತು. 12 ಸಲೀಸಾದ್ರ ಎರಡೂ ಕೈಯಾಗ ಒಂದೊಂದು ಲೀಟರ್ ನೀರಿನ ಬಾಟಲಿ ಹಿಡೀರಿ, ಆಮ್ಯಾಲ 5 ಕಿಲೋ ಅಕ್ಕಿ ಚೀಲ ಎದಿಗೆ ಅವಚ್ಕೊರಿ.

4. ಗೋಡಿ ತಳ್ಳೋದು, ಚೀಲ ಸೊಂಟದ ತನಕ ಎಳಿಯೋದು, ಹಿಮ್ಮಡಿ ಎತ್ತೋದು: ಇವೂ ಅದೇ ಲೆಕ್ಕದಾಗ ಎರಡೆರಡು ಸುತ್ತು.

ನಡುಗೋ ಬೆಲ್ಟಿಗೆ ರೊಕ್ಕ ಹಾಕಬ್ಯಾಡ್ರಿ, ಅದು ನಡುಗಿದ್ರ ನಿಮ್ಮ ಸ್ನಾಯು ದುಡಿಯಂಗಿಲ್ಲ. ಮಾಸ್ ಗೇನರ್ (ಮೈತೂಕ ಏರ್ಸೋ ಪುಡಿ) ಡಬ್ಬಿ ಅಂತೂ ಮನಿಯೊಳಗ ತರಬ್ಯಾಡ್ರಿ, ಅದರಾಗ ಕಾರ್ಬೋಹೈಡ್ರೇಟೇ ಜಾಸ್ತಿ. ಜ್ವಾಳದ ರೊಟ್ಟಿ ಜೋಡಿ ಕಾಳುಪಲ್ಯ, ಮೊಸರು, ತತ್ತಿ ತಿನ್ನೋರಾದ್ರ ತತ್ತಿ, ಇದೇ ಚಲೋ. ಏಪ್ರಿಲ್-ಮೇದಾಗ ನಮ್ಮ ಕಡೆ 40 ಡಿಗ್ರಿ ದಾಟ್ತದ, ಹೊತ್ತು ಏರೋಕಿಂತ ಮುಂಚೆ ಮುಗಿಸ್ರಿ, ನೀರು ಬಾಜುಕ್ಕೇ ಇರ್ಲಿ.

ಭಾರಿ ತೂಕ ಎತ್ತಿದ ಕೂಡ್ಲೆ ಶುಗರ್ ಸ್ವಲ್ಪ ಏರಿದ್ದು ಕಂಡ್ರ ಗಾಬರಿ ಬ್ಯಾಡ, ಆಮ್ಯಾಲ ಇಳೀತದ. ನಂಬರೆಲ್ಲ ಒಂದು ನೋಟ್‌ಬುಕ್ಕಿನಾಗ ಬರ್ದಿಡ್ರಿ, ಮೂರು ತಿಂಗಳಿಗೆ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರ್ಸೋ ರಕ್ತ ಪರೀಕ್ಷೆ) ಮಾಡಿಸಿ ಎರಡನ್ನೂ ಡಾಕ್ಟರಿಗೆ ತೋರಿಸ್ರಿ, ಗುಳಿಗಿ ಕಡಿಮಿ ಮಾಡೋದಿದ್ರ ಅವರೇ ಮಾಡ್ತಾರ, ನೀವಾಗಿ ಬಿಡಬ್ಯಾಡ್ರಿ.